ಕ್ವಿಂಟಾಲೋ ಕಿಲೋವೋ, ಏಜೆಂಟಿಗೆ ಹೇಳುವವರು ಯಾರು?

ಬಂಟ್ವಾಳ ಎಪಿಎಂಸಿಯ ಅಡಿಕೆ ಧಾರಣೆ ಸರಕಾರಿ ಪಟ್ಟಿಯಲ್ಲಿ ಬರುವುದು ಕ್ವಿಂಟಾಲಿನ ಲೆಕ್ಕದಲ್ಲಿ. ಬಂಟ್ವಾಳದ ಬೆಳೆಗಾರರು ಮಾತಾಡುವುದು ಕಿಲೋ ಲೆಕ್ಕದಲ್ಲಿ. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಪ್ರಕಟಿಸುವ ದರವೂ ಕಿಲೋಗೇ. ಪಟ್ಟಿಯಲ್ಲಿ 45,000 ಎಂದು ಕಂಡರೆ ಕಿಲೋಗೆ 450 ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕಾಗಿರುವುದು ನಮ್ಮ ಪರವಾಗಿ ಆ ಪಟ್ಟಿ ನೋಡಲು ಹೊರಟಿರುವ ಹೊಸಬನಿಗೆ, ಅಂದರೆ ಎಐ ಏಜೆಂಟಿಗೆ.

ಏಜೆಂಟ್ ಎಂದರೆ ಬರೇ ಮಾತಾಡುವ ಚಾಟ್‌ಬಾಟ್ ಅಲ್ಲ. ಕೇಳಿದ ಪ್ರಶ್ನೆಗೆ ಉತ್ತರ ತನ್ನಲ್ಲಿ ಇಲ್ಲದಿದ್ದರೆ ಹೊರಗಿನ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಕೇಳಿ ತಿಳಿದುಕೊಳ್ಳುವ, ಅಗತ್ಯ ಬಿದ್ದರೆ ಅರ್ಜಿ ತುಂಬುವ, ಟಿಕೆಟ್ ಮಾಡಿಸುವ ತಂತ್ರಾಂಶ ಅದು. ಹಾಗೆ ಹೊರಗೆ ಕೇಳುವ ಬಾಗಿಲಿಗೆ ಎಪಿಐ ಎನ್ನುತ್ತಾರೆ. ಏಜೆಂಟಿಗೆ ಕೊಟ್ಟಿರುವ ಒಂದೊಂದು ಬಾಗಿಲಿನ ಹೆಸರು ಟೂಲ್. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾದರಿಗಳಿಗೆ, ಅಂದರೆ ಏಜೆಂಟಿನ ಮಿದುಳಾಗಿ ಕೆಲಸ ಮಾಡುವ ಭಾಷಾ ಮಾದರಿಗಳಿಗೆ, ಈ ಸೌಲಭ್ಯವನ್ನು ಸೇರಿಸಿತು. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಸಾಮಾನ್ಯ ಪದ್ಧತಿಯನ್ನು ಹೊರತಂದ ಮೇಲೆ, ಒಮ್ಮೆ ಬರೆದ ಟೂಲನ್ನು ಬೇರೆ ಬೇರೆ ಕಂಪನಿಗಳ ಮಾದರಿಗಳು ಬಳಸುವುದು ಸುಲಭವಾಯಿತು. ಹಾಗಾಗಿ ಮೂಡುಬಿದಿರೆ ಹತ್ತಿರದ ಮಿಜಾರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿನಿಯೊಬ್ಬಳು ಇವತ್ತು ಒಂದು ಸಂಜೆಯಲ್ಲಿ ಅಡಿಕೆ ದರದ ಟೂಲ್ ಬರೆದು ಮುಗಿಸಬಹುದು. ಕೋಡ್ ಬರೆಯುವುದು ಕಷ್ಟವಲ್ಲ. ಕಷ್ಟವಿರುವುದು ಕೋಡಿನ ತಲೆಯ ಮೇಲೆ ಬರೆಯಬೇಕಾದ ನಾಲ್ಕಾರು ಸಾಲಿನಲ್ಲಿ.

ಆ ಸಾಲುಗಳಿಗೆ ಟೂಲಿನ ವಿವರಣೆ ಎನ್ನುತ್ತಾರೆ. ಮಾದರಿಗೆ ಕೋಡ್ ಕಾಣುವುದಿಲ್ಲ, ದತ್ತಾಂಶದ ಕೋಷ್ಟಕವೂ ಮೊದಲಿಗೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಮೂರೇ: ಟೂಲಿನ ಹೆಸರು, ವಿವರಣೆ, ತುಂಬಬೇಕಾದ ಖಾನೆಗಳ ಪಟ್ಟಿ. ಬಳಕೆದಾರ ಏನು ಕೇಳಿದ, ಅದಕ್ಕೆ ಯಾವ ಟೂಲ್ ಸರಿ, ಖಾನೆಗಳಲ್ಲಿ ಏನು ತುಂಬಬೇಕು, ಬಂದ ಉತ್ತರಕ್ಕೆ ಏನರ್ಥ, ಇಷ್ಟನ್ನೂ ಅದು ಈ ಮೂರರ ಆಧಾರದ ಮೇಲೇ ತೀರ್ಮಾನಿಸಬೇಕು. ತೋಟದ ಮದ್ದಿನ ಬಾಟಲಿಯಾದರೆ ಮುಚ್ಚಳ ತೆಗೆದು ಮೂಸಿಯಾದರೂ ನೋಡಬಹುದು. ಮಾದರಿಗೆ ಆ ಅವಕಾಶವಿಲ್ಲ, ಅದಕ್ಕೆ ಲೇಬಲ್ಲೇ ಗತಿ.

ಸಾಮಾನ್ಯವಾಗಿ ಲೇಬಲ್ ಹೇಗಿರುತ್ತದೆ? ಟೂಲಿನ ಹೆಸರು ‘ಗೆಟ್ ಪ್ರೈಸ್’. ವಿವರಣೆ: ‘ಅಡಿಕೆ ದರವನ್ನು ಪಡೆಯುತ್ತದೆ.’ ಮುಗಿಯಿತು. ಬರೆದವರಿಗೆ ಇದರಲ್ಲಿ ಕೊರತೆ ಕಾಣುವುದಿಲ್ಲ, ಯಾಕೆಂದರೆ ಉಳಿದದ್ದೆಲ್ಲ ಅವರ ತಲೆಯಲ್ಲಿದೆ.

ಈಗ ಬಂಟ್ವಾಳದ ಪಟ್ಟಿಯನ್ನೇ ಹತ್ತಿರದಿಂದ ನೋಡೋಣ. ಕೇಂದ್ರ ಸರಕಾರದ ಆಗ್‌ಮಾರ್ಕ್‌ನೆಟ್ 2000ದಿಂದ ದೇಶದ ಮಾರುಕಟ್ಟೆಗಳ ದರವನ್ನು ಕಲೆಹಾಕುತ್ತಿದೆ. ಅದೇ ಮಾಹಿತಿ ಸರಕಾರದ ಮುಕ್ತ ದತ್ತಾಂಶ ತಾಣದಲ್ಲಿ ಎಪಿಐ ರೂಪದಲ್ಲೂ ಸಿಗುತ್ತದೆ. ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ವೆರೈಟಿ, ದಿನಾಂಕ, ಕನಿಷ್ಠ ದರ, ಗರಿಷ್ಠ ದರ, ಮೋಡಲ್ ದರ: ಇವು ಅದರ ಖಾನೆಗಳು. ನೋಡಲು ಚೊಕ್ಕವಾಗಿದೆ. ಆದರೆ ಒಂದೊಂದು ಖಾನೆಯಲ್ಲೂ ಒಂದೊಂದು ಹೊಂಡ.

ದೊಡ್ಡ ಹೊಂಡ ವೆರೈಟಿಯದು. ಬಂಟ್ವಾಳದ ಸಾಲಿನಲ್ಲಿ ‘ನ್ಯೂ ವೆರೈಟಿ’, ‘ಓಲ್ಡ್ ವೆರೈಟಿ’, ‘ಕೋಕ’ ಎಂದು ಬರುತ್ತದೆ. ಪ್ರಪಂಚದ ಪುಸ್ತಕಗಳನ್ನೆಲ್ಲ ಓದಿಕೊಂಡ ಮಾದರಿ ‘ನ್ಯೂ ವೆರೈಟಿ’ಯನ್ನು ಹೊಸ ತಳಿ ಎಂದು ತಿಳಿಯುವ ಸಾಧ್ಯತೆಯೇ ಹೆಚ್ಚು. ತಿಳಿದರೆ ಅದನ್ನು ದೂರುವಂತಿಲ್ಲ. ಇದೇ ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ, ಅಲ್ಲಿಂದ 1972ರಲ್ಲಿ ಮಂಗಳ ತಳಿ ಬಿಡುಗಡೆಯಾಗಿದೆ. ಊರಿನಲ್ಲಿ ಹೊಸ ತಳಿಗಳೂ ಇವೆ, ಪಟ್ಟಿಯಲ್ಲಿ ‘ಹೊಸ ವೆರೈಟಿ’ಯೂ ಇದೆ. ಎರಡಕ್ಕೂ ಸಂಬಂಧವಿಲ್ಲ ಎಂದು ಮಾದರಿಗೆ ಹೇಗೆ ಗೊತ್ತಾಗಬೇಕು? ಇಲ್ಲಿ ಹೊಸತು ಎಂದರೆ ಈ ಹಂಗಾಮಿನ ಬಿಳಿ ಅಡಿಕೆ, ಅಂದರೆ ಚಾಲಿ. ಹಳತು ಎಂದರೆ ಕಳೆದ ವರ್ಷ ಒಣಗಿಸಿ, ಅಟ್ಟದಲ್ಲೋ ಗೋದಾಮಿನಲ್ಲೋ ಇಟ್ಟದ್ದು, ವ್ಯಾಪಾರಿಗಳ ಬಾಯಲ್ಲಿ ಚೋಲ್. ಇನ್ನೂ ಹಿಂದಿನದಾದರೆ ಡಬಲ್ ಚೋಲ್. ತಳಿ ಯಾವುದಾದರೂ ಆಗಿರಲಿ, ಬೆಲೆ ನಿಲ್ಲುವುದು ಒಣಗಿದ ರೀತಿ ಮತ್ತು ಕಳೆದ ಕಾಲದ ಮೇಲೆ.

‘ಕೋಕ’ದ ಕತೆ ಇನ್ನೂ ಸ್ವಾರಸ್ಯ. ಅದು ಕೆಳದರ್ಜೆಯ ಅಡಿಕೆ, ದರವೂ ಬಹಳ ಕಡಿಮೆ. ಆದರೆ ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯುವ ಜಿಲ್ಲೆ ನಮ್ಮ ದಕ್ಷಿಣ ಕನ್ನಡ. 1973ರಲ್ಲಿ ಶುರುವಾದ ಕ್ಯಾಂಪ್ಕೊ ಅಡಿಕೆಯ ಜತೆ ಕೊಕ್ಕೊವನ್ನೂ ಕೊಳ್ಳುತ್ತದೆ, ಪುತ್ತೂರಿನಲ್ಲಿ ಅದರ ಚಾಕಲೇಟ್ ಕಾರ್ಖಾನೆ 1986ರಿಂದ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ‘ಕೋಕ’ವನ್ನು ಕಂಡ ಏಜೆಂಟ್, ಕೊಕ್ಕೊ ದರ ಕೇಳಿದವರಿಗೆ ಹಾಳು ಅಡಿಕೆಯ ದರ ಹೇಳಿದರೆ ಆಶ್ಚರ್ಯವೇನಿಲ್ಲ.

ಇನ್ನು ಬರೇ ‘ಅಡಿಕೆ’ ಎಂದು ಕೇಳಿದರೆ? ಬೆಳ್ತಂಗಡಿಯವರಿಗೆ ಅಡಿಕೆ ಎಂದರೆ ಚಾಲಿ, ಅಂಗಳದಲ್ಲಿ ಬಿಸಿಲಿಗೆ ಒಣಗಿಸಿ ಸುಲಿದ ಬಿಳಿ ಅಡಿಕೆ. ಶಿವಮೊಗ್ಗದವರಿಗೆ ಬೇಯಿಸಿ ಒಣಗಿಸಿದ ಕೆಂಪಡಿಕೆ: ರಾಶಿ, ಬೆಟ್ಟೆ, ಗೊರಬಲು, ಸರಕು. ಸರಕು ಎಂಬ ಈ ದರ್ಜೆಯ ದರ ಉಳಿದವಕ್ಕಿಂತ ಎಷ್ಟೋ ಮೇಲೆ. ಇಡೀ ರಾಜ್ಯದ ಪಟ್ಟಿಯಿಂದ ‘ಅತಿ ಹೆಚ್ಚಿನ ಅಡಿಕೆ ದರ’ ಎಂದು ಏಜೆಂಟ್ ಸರಕಿನ ದರವನ್ನು ತಂದು ಉಜಿರೆಯ ಬೆಳೆಗಾರರಿಗೆ ಹೇಳಿದರೆ ಅಂಕಿ ಸುಳ್ಳಲ್ಲ, ಆದರೆ ಉತ್ತರದಿಂದ ಉಪಯೋಗವೂ ಇಲ್ಲ. ಅದನ್ನು ನಂಬಿ ವ್ಯಾಪಾರಿಯ ಹತ್ತಿರ ಜಗಳ ಮಾಡಿದರೆ ನಷ್ಟವೂ ಇದೆ.

ದಿನಾಂಕದ್ದು ಸಣ್ಣ ವಿಷಯ ಎನಿಸಬಹುದು. 05/06 ಎಂದರೆ ನಮಗೆ ಜೂನ್ ಐದು, ಅಮೆರಿಕದ ಬರಹಗಳನ್ನೇ ಹೆಚ್ಚು ಓದಿದ ಮಾದರಿಗೆ ಮೇ ಆರು ಆಗಬಹುದು. ‘ದಿನ, ತಿಂಗಳು, ವರ್ಷ ಈ ಕ್ರಮದಲ್ಲಿ’ ಎಂದು ಅರ್ಧ ಸಾಲು ಬರೆದರೆ ತೀರಿತು. ಮೋಡಲ್ ದರವನ್ನು ಸರಾಸರಿ ಎಂದು ಪತ್ರಿಕೆಗಳೂ ಬರೆಯುವುದುಂಟು. ಅದು ಸರಾಸರಿಯಲ್ಲ, ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಆ ದರ. ತೋಟದವರಿಗೆ ಬೇಕಾದದ್ದೂ ಅದೇ. ಗರಿಷ್ಠ ದರ ಸಿಕ್ಕಿರುವುದು ಒಂದೆರಡು ಚೀಲಕ್ಕೇ ಇರಬಹುದು.

ಸ್ಥಳದ ಹೆಸರುಗಳಂತೂ ಗೋಜಲು. ಆಗ್‌ಮಾರ್ಕ್‌ನೆಟ್ಟಿನ ಜಿಲ್ಲಾ ಪಟ್ಟಿಯಲ್ಲಿ ಬಹುಕಾಲ ನಮ್ಮ ಜಿಲ್ಲೆಯ ಹೆಸರು ‘ಮ್ಯಾಂಗಲೋರ್ (ದಕ್ಷಿಣ್ ಕನ್ನಡ್)’ ಎಂದಿತ್ತು. ಅಡಿಕೆಯ ಹೆಸರು ‘ಅರೆಕನಟ್ (ಬೀಟಲ್‌ನಟ್/ಸುಪಾರಿ)’. ಅಕ್ಷರ, ಆವರಣ ಎಲ್ಲ ಹಾಗೆಯೇ ಕೊಟ್ಟರೆ ಮಾತ್ರ ಎಪಿಐ ಬಾಯಿ ಬಿಡುತ್ತಿತ್ತು. ‘ದಕ್ಷಿಣ ಕನ್ನಡ’ ಎಂದು ಸರಿಯಾಗಿ ಬರೆದರೆ ಸಿಗುತ್ತಿದ್ದುದು ಖಾಲಿ ಪಟ್ಟಿ. ಖಾಲಿ ಪಟ್ಟಿ ಕಂಡ ಏಜೆಂಟ್ ಏನು ಹೇಳುತ್ತದೆ? ‘ಇಂದು ನಿಮ್ಮ ಜಿಲ್ಲೆಯಲ್ಲಿ ಅಡಿಕೆ ವ್ಯಾಪಾರ ನಡೆದಿಲ್ಲ.’ ಯಾವ ಅನುಮಾನವೂ ಇಲ್ಲದ ದನಿಯಲ್ಲಿ. ಮೂಡುಬಿದಿರೆಯನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆಂದು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಓದುತ್ತಾ ಹೋದರೆ ತಿಳಿಯುತ್ತದೆ. ತುಳುವಿನಲ್ಲಿ ಕೇಳುವವರಿಗೆ ಅದು ಬೆದ್ರ, ಅಡಿಕೆ ಬಜ್ಜೆಯಿ. ಇದಕ್ಕೆ ಮದ್ದು ಗೊತ್ತಿರುವುದೇ: ಮಾರುಕಟ್ಟೆಯ ಹೆಸರನ್ನು ಏಜೆಂಟ್ ಊಹಿಸಿ ಬರೆಯುವಂತೆ ಬಿಡಬಾರದು, ಒಪ್ಪುವ ಹೆಸರುಗಳ ಪಟ್ಟಿಯನ್ನೇ ಖಾನೆಗೆ ಕಟ್ಟಿಹಾಕಬೇಕು. ಕೇಳಿದ ಊರು ಪಟ್ಟಿಯಲ್ಲಿ ಇಲ್ಲದಿದ್ದರೆ ಹತ್ತಿರದ್ದನ್ನು ತಾನೇ ಆರಿಸದೆ, ಯಾವ ಮಾರುಕಟ್ಟೆಯ ದರ ಬೇಕೆಂದು ಬಳಕೆದಾರರನ್ನು ಕೇಳಲು ಹೇಳಬೇಕು. ಮೂಡುಬಿದಿರೆಯ ತೋಟದವರು ಅಡಿಕೆಯನ್ನು ಯಾವ ಕಡೆ ಒಯ್ಯುತ್ತಾರೆಂದು ಅವರಿಗೇ ಗೊತ್ತು, ನಕಾಶೆಗಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟು ಅದೇ ವಿವರಣೆಯನ್ನು ಮತ್ತೆ ಬರೆದರೆ ಹೀಗಾದೀತು:

‘ಕರ್ನಾಟಕದ ಒಂದು ಎಪಿಎಂಸಿಯಲ್ಲಿ ಒಂದು ದಿನ ನಡೆದ ಅಡಿಕೆ ವ್ಯಾಪಾರದ ಕನಿಷ್ಠ, ಗರಿಷ್ಠ ಮತ್ತು ಮೋಡಲ್ ದರವನ್ನು ಕೊಡುತ್ತದೆ. ದರಗಳು ಕ್ವಿಂಟಾಲಿಗೆ ರೂಪಾಯಿಯಲ್ಲಿವೆ; ಬಳಕೆದಾರರಿಗೆ ನೂರರಿಂದ ಭಾಗಿಸಿ ಕಿಲೋ ದರ ಹೇಳು. ನ್ಯೂ ವೆರೈಟಿ ಎಂದರೆ ಈ ಹಂಗಾಮಿನ ಚಾಲಿ, ಓಲ್ಡ್ ವೆರೈಟಿ ಎಂದರೆ ಹಳೆ ದಾಸ್ತಾನಿನ ಚಾಲಿ (ಚೋಲ್), ಇವು ತಳಿಗಳಲ್ಲ. ಕೋಕ ಎಂದರೆ ಕೆಳದರ್ಜೆಯ ಅಡಿಕೆ, ಕೊಕ್ಕೊ ಅಲ್ಲ. ದಕ್ಷಿಣ ಕನ್ನಡದವರು ಅಡಿಕೆ, ಬಜ್ಜೆಯಿ ಎಂದಷ್ಟೇ ಕೇಳಿದರೆ ಚಾಲಿ ಎಂದು ತಿಳಿ; ಹೊಸತೋ ಹಳತೋ ಹೇಳದಿದ್ದರೆ ಎರಡರದೂ ಕೊಡು. ಆ ದಿನ ವ್ಯಾಪಾರ ಇಲ್ಲದಿದ್ದರೆ ಅದರ ಹಿಂದಿನ ವ್ಯಾಪಾರದ ದಿನದ ದರ ಬರುತ್ತದೆ. ದಿನಾಂಕ ಇರುವುದು ದಿನ, ತಿಂಗಳು, ವರ್ಷ ಈ ಕ್ರಮದಲ್ಲಿ; ಅದನ್ನು ತಪ್ಪದೆ ಹೇಳು. ಕೇಳಿದ ಊರು ಪಟ್ಟಿಯಲ್ಲಿ ಇಲ್ಲದಿದ್ದರೆ ಯಾವ ಮಾರುಕಟ್ಟೆ ಎಂದು ಬಳಕೆದಾರರನ್ನೇ ಕೇಳು. ಕ್ಯಾಂಪ್ಕೊ ದರಕ್ಕೆ, ಖಾಸಗಿ ವ್ಯಾಪಾರಿಗಳ ದರಕ್ಕೆ, ಮುಂದಿನ ದರದ ಅಂದಾಜಿಗೆ ಈ ಟೂಲ್ ಬಳಸಬೇಡ.’

ಕೊನೆಯ ಸಾಲನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ವಿವರಣೆಯಲ್ಲಿ ಬೆಲೆಬಾಳುವ ಸಾಲು ಅದೇ. ಯಾಕೆಂದರೆ ಜನ ‘ಇವತ್ತು ರೇಟ್ ಎಷ್ಟುಂಟು?’ ಎಂದು ಶುರುಮಾಡಿದರೂ ನಿಜವಾಗಿ ಕೇಳುವುದು ‘ಈಗ ಕೊಡುವುದಾ, ಇನ್ನು ಸ್ವಲ್ಪ ದಿನ ಇಡುವುದಾ?’ ಎಂದು. ಎರಡನೆಯದಕ್ಕೆ ಯಾವ ಪಟ್ಟಿಯಲ್ಲೂ ಉತ್ತರವಿಲ್ಲ. ಕೈಯಲ್ಲಿ ದರದ ಟೂಲ್ ಮಾತ್ರ ಇರುವ ಏಜೆಂಟ್, ಅದನ್ನೇ ನಾಲ್ಕು ಸಲ ಓಡಿಸಿ ನಾಲ್ಕು ದಿನದ ದರ ಹೋಲಿಸಿ ‘ಏರುಗತಿಯಲ್ಲಿದೆ, ಕಾಯಬಹುದು’ ಎಂದು ಸಲಹೆ ಕೊಟ್ಟುಬಿಡುತ್ತದೆ. ಈ ಟೂಲಿನಿಂದ ಏನು ಆಗುವುದಿಲ್ಲ ಎಂದು ಮೊದಲೇ ಬರೆದಿಟ್ಟರೆ ಆ ಪ್ರಮಾದ ಎಷ್ಟೋ ಕಡಿಮೆಯಾಗುತ್ತದೆ.

ಮಳೆಯ ಟೂಲಿನಲ್ಲಿ ಇದೇ ಪ್ರಮಾದದ ಇನ್ನೊಂದು ಮುಖ ಕಾಣುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನದ ಮಳೆ ಎಂದರೆ ಬೆಳಿಗ್ಗೆ 8.30ಕ್ಕೆ ಮುಗಿಯುವ ಹಿಂದಿನ 24 ಗಂಟೆಗಳ ಮಳೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹಾಗಾಗಿ ಬಿದ್ದ ಮಳೆಯ ಮಾಹಿತಿ ಬಹಳ ಹತ್ತಿರದಿಂದಲೇ ಸಿಗುತ್ತದೆ. ಜೂನ್ ತಿಂಗಳಲ್ಲಿ ಬೆಳ್ತಂಗಡಿಯ ಕೃಷಿಕರು ಕೇಳುವ ಪ್ರಶ್ನೆ ಒಂದೇ: ‘ನಾಳೆ ಮದ್ದು ಬಿಡಬಹುದಾ?’ ಮದ್ದು ಎಂದರೆ ಬೋರ್ಡೋ ದ್ರಾವಣ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ಅದನ್ನು ಬಿಡಲು ಮಳೆ ಬಿಡುವು ಕೊಡಬೇಕು, ಮರ ಹತ್ತುವವರು ಸಿಗಬೇಕು, ಎರಡೂ ಒಂದೇ ದಿನ ಕೂಡಿಬರಬೇಕು. ಟೂಲಿನ ವಿವರಣೆಯಲ್ಲಿ ‘ಮಳೆಯ ಪ್ರಮಾಣವನ್ನು ಮಿಲಿಮೀಟರಿನಲ್ಲಿ ಕೊಡುತ್ತದೆ’ ಎಂದಷ್ಟೇ ಇದ್ದರೆ, ನಿನ್ನೆ ಬಿದ್ದ ಮಳೆಯ ಸೊನ್ನೆಯನ್ನು ನಾಳೆಯ ಮುನ್ಸೂಚನೆ ಎಂದು ಏಜೆಂಟ್ ಓದಿ ಹೇಳಬಹುದು. ಬೆಳಿಗ್ಗೆ ಬಿಟ್ಟ ಮದ್ದು ಮಧ್ಯಾಹ್ನದ ಮಳೆಗೆ ತೊಳೆದು ಹೋಗುತ್ತದೆ. ‘ಇದು ಬಿದ್ದು ಮುಗಿದ ಮಳೆಯ ಲೆಕ್ಕ, ಮುನ್ಸೂಚನೆ ಅಲ್ಲ; ಮುನ್ಸೂಚನೆಗೆ ಇನ್ನೊಂದು ಟೂಲ್ ಇದೆ’ ಎಂಬ ಒಂದು ವಾಕ್ಯದ ಬೆಲೆ ಇಲ್ಲಿ ಒಂದು ದಿನದ ಕೂಲಿ ಮತ್ತು ಮದ್ದಿನಷ್ಟು.

ಟೂಲುಗಳು ಹೆಚ್ಚಾದಂತೆ ಈ ಗೊಂದಲವೂ ಬೆಳೆಯುತ್ತದೆ. ಎಪಿಐಯಲ್ಲಿ ಇಪ್ಪತ್ತು ಬಾಗಿಲಿದ್ದರೆ ಇಪ್ಪತ್ತು ಟೂಲ್ ಮಾಡಬೇಕೆಂದಿಲ್ಲ. ಜಿಲ್ಲೆಗಳ ಪಟ್ಟಿಗೊಂದು, ಮಾರುಕಟ್ಟೆಗಳ ಪಟ್ಟಿಗೊಂದು, ವೆರೈಟಿಗಳಿಗೊಂದು, ದರಕ್ಕೊಂದು ಎಂದು ಕೊಟ್ಟರೆ ಏಜೆಂಟ್ ಅರ್ಧ ದಾರಿಯಲ್ಲೇ ಬಳಲುತ್ತದೆ. ಜನ ಕೇಳುವ ಕೆಲಸ ಯಾವುದೋ ಅದಕ್ಕೊಂದು ಟೂಲ್ ಸಾಕು. ಹೆಸರೂ ಕೆಲಸವನ್ನೇ ಹೇಳಬೇಕು: ‘ಎಪಿಎಂಸಿ ಅಡಿಕೆ ದಿನದರ’, ‘ಬಿದ್ದ ಮಳೆ’, ‘ಮಳೆ ಮುನ್ಸೂಚನೆ’. ‘ಗೆಟ್ ಡೇಟಾ’, ‘ಗೆಟ್ ಇನ್ಫೋ’ ಎಂದು ಹೆಸರಿಟ್ಟು ಆಮೇಲೆ ಮಾದರಿ ದಡ್ಡ ಎಂದು ಬಯ್ಯುವುದು ನ್ಯಾಯವಲ್ಲ.

ಭೂಮಿಯ ಪಹಣಿಯನ್ನು ಅಂತರಜಾಲದಲ್ಲಿ ನೋಡಿದವರಿಗೆ ವಿವರಣೆ ಇಲ್ಲದ ಖಾನೆ ಎಂದರೇನೆಂದು ಚೆನ್ನಾಗಿ ಗೊತ್ತು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಿದ ಮೇಲೆ ‘ಸರ್ನಾಕ್’ ಎಂಬ ಖಾನೆ ಬರುತ್ತದೆ, ಅದರಲ್ಲಿ ಎಷ್ಟೋ ಸಲ ಒಂದು ನಕ್ಷತ್ರ ಚಿಹ್ನೆ ಮಾತ್ರ ಇರುತ್ತದೆ. ಆಮೇಲೆ ಹಿಸ್ಸಾ. ನಕ್ಷತ್ರವನ್ನೇ ಆರಿಸಿಕೊಂಡು ಮುಂದೆ ಹೋಗಬೇಕೆಂದು ನಮಗೆ ಹೇಳಿಕೊಟ್ಟದ್ದು ಸೈಬರ್ ಅಂಗಡಿಯವರು, ತೆರೆಯಲ್ಲ. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆ ಕೋಟಿಗಟ್ಟಲೆ ಪಹಣಿಗಳನ್ನು ಕಂಪ್ಯೂಟರಿಗೆ ತಂದದ್ದು ದೇಶವೇ ಮೆಚ್ಚಿದ ಸಾಧನೆ. ಅದರ ಮೇಲೆ ಯಾರಾದರೂ ನಾಳೆ ಏಜೆಂಟಿಗೆ ಟೂಲ್ ಕಟ್ಟಿದರೆ, ಸೈಬರ್ ಅಂಗಡಿಯವರು ಬಾಯಲ್ಲಿ ಹೇಳುತ್ತಿದ್ದುದನ್ನೆಲ್ಲ ವಿವರಣೆಯಲ್ಲಿ ಬರೆಯಬೇಕಾಗುತ್ತದೆ. ಹಿಂದೆ ಮಂಗಳೂರು ತಾಲ್ಲೂಕಿಗೆ ಸೇರಿದ್ದ ಮೂಡುಬಿದಿರೆ 2018ರಿಂದ ತಾನೇ ತಾಲ್ಲೂಕು ಎಂಬುದನ್ನೂ ಬರೆಯಬೇಕು. ಇಲ್ಲದಿದ್ದರೆ ಹಳೆಯ ಬರಹಗಳನ್ನು ಓದಿಕೊಂಡ ಮಾದರಿ ಮಂಗಳೂರಿನ ಪಟ್ಟಿಯಲ್ಲಿ ಮೂಡುಬಿದಿರೆಯ ಮಾರ್ಪಾಡಿ ಗ್ರಾಮವನ್ನು ಹುಡುಕುತ್ತಾ ಕೂರುತ್ತದೆ.

ತಪ್ಪಾದಾಗ ಬರುವ ಸಂದೇಶವೂ ವಿವರಣೆಯ ಭಾಗವೇ. ‘ದೋಷ 400’ ಎಂದರೆ ಏಜೆಂಟ್ ಅದೇ ತಪ್ಪನ್ನು ಮತ್ತೆ ಮಾಡುತ್ತದೆ. ‘ಈ ಹೆಸರಿನ ಮಾರುಕಟ್ಟೆ ಇಲ್ಲ, ಇವುಗಳಲ್ಲಿ ಒಂದನ್ನು ಆರಿಸು’ ಎಂದು ಪಟ್ಟಿ ಕೊಟ್ಟರೆ ಎರಡನೇ ಸಲ ಸರಿಯಾಗಿ ಕೇಳುತ್ತದೆ. ಎಪಿಐ ಖಾಲಿ ಪಟ್ಟಿ ಕೊಟ್ಟಾಗ ಅದು ಹೆಸರು ತಪ್ಪಿ ಖಾಲಿಯೋ, ಭಾನುವಾರದ ರಜೆಯಿಂದ ಖಾಲಿಯೋ ಎಂದು ಗುರುತಿಸಿ, ರಜೆಯಾದರೆ ಹಿಂದಿನ ವ್ಯಾಪಾರದ ದಿನದ ದರ ಕೊಡುವುದು ಕೋಡ್ ಬರೆದವರ ಜವಾಬ್ದಾರಿ.

ಇಲ್ಲಿ ಒಂದು ಎಚ್ಚರಿಕೆ. ದರ ನೋಡುವ ಟೂಲ್ ತಪ್ಪಿದರೆ ತಪ್ಪು ಉತ್ತರ ಬರುತ್ತದೆ, ಅಷ್ಟೆ. ಹಣ ಕಳಿಸುವ, ಅರ್ಜಿ ಸಲ್ಲಿಸುವ, ದಾಖಲೆ ಅಳಿಸುವ ಟೂಲ್ ತಪ್ಪಿದರೆ ಆದದ್ದನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಅಂಥವುಗಳ ವಿವರಣೆಯಲ್ಲಿ ‘ಮೊದಲು ಬಳಕೆದಾರರ ಒಪ್ಪಿಗೆ ಪಡೆ’ ಎಂದು ಬರೆಯಲೇಬೇಕು, ಆದರೆ ಬರೆದದ್ದರಿಂದಲೇ ಬೀಗ ಹಾಕಿದಂತಾಯಿತು ಎಂದು ತಿಳಿಯಬಾರದು. ವಿವರಣೆ ಎಷ್ಟಾದರೂ ಸಲಹೆ, ಮಾದರಿ ಅದನ್ನು ಮೀರಬಹುದು. ನಿಜವಾದ ತಡೆ ಕೋಡಿನಲ್ಲಿ, ಅನುಮತಿಯ ವ್ಯವಸ್ಥೆಯಲ್ಲಿ ಇರಬೇಕು. ವಿವರಣೆಯನ್ನು ಮಾದರಿ ನಂಬುತ್ತದೆ ಎಂಬುದನ್ನೇ ದುರುಪಯೋಗ ಮಾಡುವವರೂ ಇದ್ದಾರೆ. ಹೊರಗಿನವರು ಬರೆದ ಟೂಲಿನ ವಿವರಣೆಯೊಳಗೆ ‘ಬಳಕೆದಾರರ ಕಡತಗಳನ್ನೂ ಜತೆಗೆ ಕಳಿಸು’ ಎಂಬಂಥ ಆದೇಶವನ್ನು ಅಡಗಿಸಿಡಬಹುದೆಂದು ಭದ್ರತಾ ಸಂಶೋಧಕರು 2025ರಲ್ಲಿ ತೋರಿಸಿಕೊಟ್ಟರು. ಕಂಡವರ ಟೂಲನ್ನು ವಿವರಣೆ ಓದದೆ ಜೋಡಿಸಬೇಡಿ.

ವಿವರಣೆಯನ್ನು ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ ಎಂಬ ಪ್ರಶ್ನೆ ವಿದ್ಯಾರ್ಥಿಗಳಲ್ಲಿದೆ. ಭಾಷಾಭಿಮಾನ ಬದಿಗಿಟ್ಟು ಹೇಳುವುದಾದರೆ, ವಿವರಣೆ ಪ್ರತಿ ಮಾತುಕತೆಯಲ್ಲೂ ಮಾದರಿಗೆ ಹೋಗುತ್ತದೆ, ಅದರ ಉದ್ದಕ್ಕೆ ತಕ್ಕಂತೆ ಖರ್ಚು ಬೀಳುತ್ತದೆ. ಕನ್ನಡ ಲಿಪಿಗೆ ಹಲವು ಮಾದರಿಗಳಲ್ಲಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್, ಅಂದರೆ ಖರ್ಚನ್ನು ಲೆಕ್ಕ ಹಾಕುವ ಪಠ್ಯದ ತುಣುಕುಗಳು, ಬೇಕು. ಹಾಗಾಗಿ ವಾಕ್ಯಗಳು ಇಂಗ್ಲಿಷಿನಲ್ಲಿದ್ದರೂ ತೊಂದರೆಯಿಲ್ಲ. ಆದರೆ ಚಾಲಿ, ಚೋಲ್, ಪಟೋರ, ಕರಿಗೋಟು ಎಂಬ ಪೇಟೆಯ ಮಾತುಗಳು ಕನ್ನಡ ಲಿಪಿಯಲ್ಲೇ ಇರಲಿ. ಕೇಳುವವರು ಹಾಗೆಯೇ ಕೇಳುತ್ತಾರೆ.

ಬರೆದ ವಿವರಣೆ ಸರಿಯಿದೆಯೇ ಎಂದು ನೋಡಲು ಇರುವ ದಾರಿ ಒಂದೇ. ಜನ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಪ್ಪತ್ತು ಮೂವತ್ತು ಬರೆದಿಟ್ಟುಕೊಂಡು ಏಜೆಂಟಿನ ಮುಂದೆ ಇಡುವುದು. ಉತ್ತರ ಚಂದ ಇದೆಯೇ ಎಂದು ನೋಡಬೇಡಿ, ಅದು ಯಾವಾಗಲೂ ಚಂದವೇ ಇರುತ್ತದೆ. ಯಾವ ಟೂಲ್ ಕರೆಯಿತು, ಯಾವ ಖಾನೆಗೆ ಏನು ತುಂಬಿತು ಎಂಬ ದಾಖಲೆಯನ್ನು ಓದಿ. ತಪ್ಪಿದ ಕಡೆ ವಿವರಣೆಯಲ್ಲಿ ಒಂದು ವಾಕ್ಯ ತಿದ್ದಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ. ಒಂದೇ ಸಲಕ್ಕೆ ಐದು ವಾಕ್ಯ ತಿದ್ದಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಬೆಂಜನಪದವಿನಲ್ಲಿ, ಉಜಿರೆಯಲ್ಲಿ, ಮಿಜಾರಿನಲ್ಲಿ, ತೋಡಾರಿನಲ್ಲಿ, ಅಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ತಾಲ್ಲೂಕಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೃಷಿ ಸಹಾಯಕ ಏಜೆಂಟ್ ಮಾಡುತ್ತೇವೆನ್ನುವ ತಂಡಗಳಿಗೆ ಒಂದು ವಿನಂತಿ. ವಿವರಣೆಯ ಕರಡನ್ನು ಗೈಡ್ ಹತ್ತಿರ ಒಯ್ಯುವ ಮೊದಲು ಹತ್ತಿರದ ಅಡಿಕೆ ಖರೀದಿ ಕೇಂದ್ರಕ್ಕೆ ಒಯ್ಯಿರಿ. ಅಡಿಕೆಯನ್ನು ಕೈಯಲ್ಲಿ ಹಿಡಿದು ದರ್ಜೆ ಹೇಳುವವರ ಮುಂದೆ ಅದನ್ನು ಗಟ್ಟಿಯಾಗಿ ಓದಿ. ಅವರಿಗೆ ಕೋಡ್ ಗೊತ್ತಿರಬೇಕಿಲ್ಲ. ನೀವು ಬರೆಯಲು ಮರೆತ ಸಾಲು ಯಾವುದೆಂದು ಅವರಿಗೆ ಗೊತ್ತಿದೆ.